ಚೆರೋಕಿಯ ಮೊದಲ ಪಾಠ: ‘ನಾವು’ ಎಂದರೆ ಯಾರು ಯಾರು?

(ಭಾಷಾಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಚೆರೋಕಿ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.)

ಎಲ್ಲರಿಗೂ ಓಸಿಯೊ.

ಚೆರೋಕಿ ಭಾಷೆಯಲ್ಲಿ ಇದೇ ನಮಸ್ಕಾರ. ಪರಿಚಯದವರು ಎದುರಾದರೆ ಬರಿಯ ‘ಸಿಯೊ’ ಎಂದರೂ ನಡೆಯುತ್ತದೆ. ಆ ಮೇಲೆ ‘ತೊಹಿತ್ಸು?’ ಎಂದು ಕೇಳುತ್ತಾರೆ. ‘ತೊಹಿ’ ಎಂದರೆ ಸೌಖ್ಯ, ನೆಮ್ಮದಿ. ಅದರ ಬೆನ್ನಿಗಿರುವ ‘ತ್ಸು’ ಪ್ರಶ್ನೆಯ ಗುರುತು. ನಾವು ‘ಸೌಖ್ಯ’ಕ್ಕೆ ಏಕಾರ ಹಚ್ಚಿ ‘ಸೌಖ್ಯವೇ?’ ಎನ್ನುತ್ತೇವಲ್ಲ, ಹಾಗೆಯೇ. ‘ಓಸ್ದ’ ಎಂದರೆ ಚೆನ್ನಾಗಿದೆ. ‘ವದೊ’ ಎಂದರೆ ಧನ್ಯವಾದ. ಇಷ್ಟು ಕಲಿಯಲು ಹತ್ತು ನಿಮಿಷ ಸಾಕು, ಈಗಾಗಲೇ ನಿಮಗೆ ಬಂದೂ ಬಿಟ್ಟಿದೆ.

ಹೊಸದಾಗಿ ಕಲಿಯುವವರಲ್ಲಿ ಹೆಚ್ಚಿನವರು ಇದೇ ದಾರಿಯಲ್ಲಿ ಮುಂದುವರಿಯುತ್ತಾರೆ. ನಾಯಿಗೆ ಏನೆನ್ನುತ್ತಾರೆ, ಕರಡಿಗೆ ಏನೆನ್ನುತ್ತಾರೆ, ಒಂದರಿಂದ ಹತ್ತು ಹೇಗೆ ಎಣಿಸುತ್ತಾರೆ, ಬಣ್ಣಗಳ ಹೆಸರೇನು ಎಂದು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ನಾನೂ ಮೊದಲ ಆರು ತಿಂಗಳು ಇದನ್ನೇ ಮಾಡಿದೆ. ವೆಸ ಎಂದರೆ ಬೆಕ್ಕು, ಯೋನ ಎಂದರೆ ಕರಡಿ, ವಯ ಎಂದರೆ ತೋಳ, ಸೆಲು ಎಂದರೆ ಮೆಕ್ಕೆಜೋಳ. ಒಂದು ನೋಟ್‌ಬುಕ್ ತುಂಬಿತು. ಆದರೆ ‘ನಾವು ಮಾತನಾಡುತ್ತಿದ್ದೇವೆ’ ಎಂಬ ಪುಟ್ಟ ವಾಕ್ಯವನ್ನು ಹೇಳಬೇಕಾಗಿ ಬಂದಾಗ ನನ್ನ ಬಳಿ ಏನೂ ಇರಲಿಲ್ಲ. ಚೆರೋಕಿಯ ಬಾಗಿಲು ನಾಮಪದವಲ್ಲ, ಕ್ರಿಯಾಪದ ಎಂದು ಅಂದು ತಿಳಿಯಿತು. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅಲ್ಲಿಗೆ ಹೋಗುವ ಮೊದಲು ಈ ಭಾಷೆ ಯಾರದು, ಅದರ ಅಕ್ಷರ ಎಂಥದು ಎಂದು ನೋಡೋಣ.

ಚೆರೋಕಿ ಜನರ ಮೂಲ ನೆಲ ಅಮೆರಿಕದ ಆಗ್ನೇಯ ಭಾಗದ ಬೆಟ್ಟಸೀಮೆ, ಅಂದರೆ ಇಂದಿನ ಉತ್ತರ ಕೆರೊಲಿನಾ, ಟೆನ್ನೆಸ್ಸಿ, ಜಾರ್ಜಿಯಾ ರಾಜ್ಯಗಳ ಸುತ್ತಮುತ್ತ. ತಮ್ಮ ಭಾಷೆಯನ್ನು ಅವರು ತ್ಸಲಗಿ ಎನ್ನುತ್ತಾರೆ. ಹಿಂದೆ ‘ಲ’ ಇದ್ದಲ್ಲಿ ‘ರ’ ಎನ್ನುತ್ತಿದ್ದ ಒಂದು ಉಪಭಾಷೆ ಇತ್ತು. ಇಂಗ್ಲಿಷಿನ ‘ಚೆರೋಕಿ’ ಹುಟ್ಟಿದ್ದು ಆ ‘ರ’ಕಾರದಿಂದ, ಆ ಉಪಭಾಷೆ ಇಂದು ಉಳಿದಿಲ್ಲ. 1838ರಲ್ಲಿ ಅಮೆರಿಕದ ಸರ್ಕಾರ ಸೈನ್ಯವನ್ನು ಕಳಿಸಿ ಸುಮಾರು 16,000 ಚೆರೋಕಿಗಳನ್ನು ಮನೆಗಳಿಂದ ಎಬ್ಬಿಸಿ, ಮಿಸಿಸಿಪ್ಪಿ ನದಿಯಾಚೆಗೆ, ಇಂದಿನ ಒಕ್ಲಹೋಮಾಕ್ಕೆ ಅಟ್ಟಿತು. ಹಸಿವು, ಚಳಿ, ರೋಗಗಳಿಂದ ಸುಮಾರು 4,000 ಜನ ಸತ್ತರೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಕಣ್ಣೀರಿನ ಹಾದಿ ಎಂದು ಚರಿತ್ರೆ ಕರೆಯುವುದು ಇದನ್ನು. ಬೆಟ್ಟಗಳಲ್ಲೇ ಉಳಿದುಕೊಂಡ ಕೆಲವರ ಸಂತತಿ ಇಂದಿಗೂ ಉತ್ತರ ಕೆರೊಲಿನಾದಲ್ಲಿದೆ. ಆದ್ದರಿಂದ ಭಾಷೆಗೆ ಈಗ ಎರಡು ಮನೆ. ಒಕ್ಲಹೋಮಾದಲ್ಲಿ ‘ವದೊ’ ಎನ್ನುವ ಕಡೆ ಕೆರೊಲಿನಾದಲ್ಲಿ ‘ಸ್ಗಿ’ ಎನ್ನುತ್ತಾರೆ. ಕಲಿಯಲು ಹೊರಡುವವರು ಯಾವ ಮನೆಯ ಮಾತು ಕಲಿಯುತ್ತಿದ್ದೇವೆ ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಅಕ್ಷರ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ.

ಸೆಕ್ವೋಯಾ ಎಂಬ ಬೆಳ್ಳಿ ಕೆಲಸಗಾರ. ಇಂಗ್ಲಿಷ್ ಓದಲು ಬಾರದವನು. ಬಿಳಿಯರು ಕಾಗದದ ಮೇಲೆ ಗೀಚಿ ದೂರದಲ್ಲಿದ್ದವರ ಜೊತೆ ಮಾತನಾಡುವುದನ್ನು ಕಂಡಿದ್ದ. ತನ್ನ ಮಾತಿಗೂ ಬರಹ ಬೇಕು ಎಂದು ಕುಳಿತ. ಮೊದಲು ಒಂದೊಂದು ಪದಕ್ಕೆ ಒಂದೊಂದು ಗುರುತು ಮಾಡಲು ಹೊರಟ. ಗುರುತುಗಳು ಲೆಕ್ಕ ತಪ್ಪಿದವು. ಆಮೇಲೆ ಪದಗಳನ್ನು ಬಿಟ್ಟು, ಪದದೊಳಗೆ ಮತ್ತೆ ಮತ್ತೆ ಕೇಳಿಬರುವ ಉಲಿಗಳ ತುಣುಕುಗಳನ್ನು ಹಿಡಿದ. ಸುಮಾರು ಹನ್ನೆರಡು ವರ್ಷಗಳ ಕೆಲಸದ ನಂತರ, 1821ರ ವೇಳೆಗೆ, ಎಂಬತ್ತಾರು ಅಕ್ಷರಗಳ ಲಿಪಿ ಸಿದ್ಧವಾಯಿತು. ಈಗ ಬಳಕೆಯಲ್ಲಿರುವುದು ಎಂಬತ್ತೈದು. ಮೊದಲು ಕಲಿತವಳು ಅವನ ಪುಟ್ಟ ಮಗಳು ಅಯೋಕ. ಹಿರಿಯರು ನಂಬದಿದ್ದಾಗ ತಂದೆ ಮಗಳನ್ನು ದೂರ ದೂರ ಇರಿಸಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತೋರಿಸಬೇಕಾಯಿತು. ಬರಹವೇ ಗೊತ್ತಿಲ್ಲದ ಒಬ್ಬ ಮನುಷ್ಯ ಒಬ್ಬನೇ ಕುಳಿತು ಒಂದು ಇಡೀ ಬರಹ ವ್ಯವಸ್ಥೆಯನ್ನು ಕಟ್ಟಿದ ಉದಾಹರಣೆಗಳು ಲೋಕದಲ್ಲಿ ತೀರ ವಿರಳ.

1825ರಲ್ಲಿ ಚೆರೋಕಿ ರಾಷ್ಟ್ರ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿತು. 1828ರ ಫೆಬ್ರವರಿ 21ರಂದು ಜಾರ್ಜಿಯಾದ ನ್ಯೂ ಇಕೋಟದಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಇಂಗ್ಲಿಷ್ ಮತ್ತು ಚೆರೋಕಿ, ಎರಡೂ ಅದರಲ್ಲಿದ್ದವು. ಸಂಪಾದಕ ಇಲಿಯಸ್ ಬೂಡಿನಾಟ್. ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಬಂದದ್ದು 1843ರಲ್ಲಿ. ಸಾವಿರದೈನೂರು ವರ್ಷಗಳ ಬರಹದ ಪರಂಪರೆ ಇದ್ದ ನಮಗಿಂತ, ಏಳೇ ವರ್ಷದ ಹಿಂದೆ ಅಕ್ಷರ ಕಂಡಿದ್ದ ಆ ಜನ ಹದಿನೈದು ವರ್ಷ ಮೊದಲು ಪತ್ರಿಕೆ ಓದುತ್ತಿದ್ದರು. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಬರೆದಾಗಲೆಲ್ಲ ನನ್ನ ಮೈ ನವಿರೇಳುತ್ತದೆ.

ಕನ್ನಡಿಗರಿಗೆ ಈ ಲಿಪಿಯ ತತ್ವ ಕೂಡಲೇ ಹೊಳೆಯುತ್ತದೆ. ‘ಲ’ ಒಂದು ಅಕ್ಷರ, ‘ಲು’ ಒಂದು ಅಕ್ಷರ. ಇಂಗ್ಲಿಷಿನಂತೆ ಎರಡು ಮೂರು ಕೂಡಿಸಿ ಊಹಿಸುವ ಗೋಜಿಲ್ಲ. ಆದರೆ ಕಾಗುಣಿತವನ್ನು ನಿರೀಕ್ಷಿಸಬೇಡಿ. ನಮ್ಮಲ್ಲಿ ‘ಗ’ ಕಲಿತರೆ ಗುಡಿಸು, ಕೊಂಬು, ಏತ್ವ ಹಚ್ಚಿ ಗಿ, ಗು, ಗೆ ಎಲ್ಲವನ್ನೂ ಬರೆಯಬಹುದು. ಚೆರೋಕಿಯಲ್ಲಿ ಗ, ಗೆ, ಗಿ, ಗೊ, ಗು ಅಕ್ಷರಗಳ ರೂಪಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲ. ಪ್ರತಿಯೊಂದನ್ನೂ ಬೇರೆಯಾಗಿಯೇ ಕಣ್ಣಿಗೆ ಕಟ್ಟಿಕೊಳ್ಳಬೇಕು. ಒತ್ತಕ್ಷರವೂ ಇಲ್ಲ, ‘ಸ್’ ಎಂಬ ಒಂಟಿ ವ್ಯಂಜನಕ್ಕೆ ಮಾತ್ರ ಒಂದು ಅಕ್ಷರವಿದೆ.

ಇನ್ನೊಂದು ಎಚ್ಚರಿಕೆ. ಸೆಕ್ವೋಯಾ ಇಂಗ್ಲಿಷ್ ಅಚ್ಚಿನ ರೂಪಗಳನ್ನು ಕಂಡಿದ್ದನೇ ಹೊರತು ಅವುಗಳ ಉಲಿ ಅವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಗಾಗಿ ‘ಡಿ’ಯಂತೆ ಕಾಣುವುದು ಅಲ್ಲಿ ಅ, ‘ಆರ್’ನಂತೆ ಕಾಣುವುದು ಎ, ‘ಎಚ್’ನಂತೆ ಕಾಣುವುದು ಮಿ. ‘ತ್ಸಲಗಿ’ ಎಂಬ ಪದವೇ ಇಂಗ್ಲಿಷ್ ಓದಿದ ಕಣ್ಣಿಗೆ ಜಿ, ಡಬ್ಲ್ಯು, ವೈ ಎಂದು ಕಾಣುತ್ತದೆ. ‘ಸೆಲು’ ಎಂದು ಬರೆದರೆ ನಾಲ್ಕರ ಅಂಕಿಯ ಪಕ್ಕ ‘ಎಂ’ ಇಟ್ಟಂತೆ. ರೋಮನ್ ಲಿಪಿಯಲ್ಲಿ ಬರೆದ ಪುಸ್ತಕದಿಂದಲೇ ಕಲಿತರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನಕ್ಕೆ ಮೂರು ಅಕ್ಷರದಂತೆ ಕೈಯಲ್ಲಿ ಬರೆಯುತ್ತಾ ಹೋದರೆ ಒಂದು ತಿಂಗಳಲ್ಲಿ ಮುಗಿಯುತ್ತದೆ. ಒಕ್ಲಹೋಮಾದ ತಾಲೆಕ್ವಾ ಪಟ್ಟಣದ ಬೀದಿ ಫಲಕಗಳಲ್ಲಿ ಈ ಅಕ್ಷರಗಳಿವೆ, ಇಂದಿನ ಮೊಬೈಲ್‌ಗಳಲ್ಲಿ ಕೀಲಿಮಣೆ ಇದೆ, 1999ರಿಂದ ಯೂನಿಕೋಡ್‌ನಲ್ಲಿ ಜಾಗವಿದೆ.

ಉಚ್ಚಾರಣೆಯನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದನ್ನು ಕಿವಿಯಿಂದಲೇ ಕಲಿಯಬೇಕು. ಸ್ವರಗಳು ಆರು: ಅ, ಎ, ಇ, ಒ, ಉ, ಮತ್ತು ಮೂಗಿನಿಂದ ಹೊರಡುವ ಒಂದು ಅಂಕಾರ. ಈ ಆರನೆಯದನ್ನು ನಾನು ಇಲ್ಲಿ ಅನುಸ್ವಾರದಿಂದ ಬರೆಯುತ್ತಿದ್ದೇನೆ, ಆದರೆ ಬಾಯಿ ಮುಚ್ಚಿ ‘ಮ್’ ಎನ್ನಬಾರದು. ಪ, ಬ, ಫ ಉಲಿಗಳು ಭಾಷೆಯಲ್ಲಿಲ್ಲ, ಆದ್ದರಿಂದ ಕಾಫಿ ಅಲ್ಲಿ ‘ಕವಿ’ ಆಗಿದೆ. ಪಾಠಪುಸ್ತಕದ ‘ಗ’ ಮತ್ತು ‘ಕ’ಗಳ ನಡುವಿನ ವ್ಯತ್ಯಾಸ ವಾಸ್ತವದಲ್ಲಿ ಉಸಿರಿನದು. ನಮ್ಮ ಅಲ್ಪಪ್ರಾಣ ಮಹಾಪ್ರಾಣದ ಅಭ್ಯಾಸ ಇಲ್ಲಿ ನೇರವಾಗಿ ಕೈಹಿಡಿಯುತ್ತದೆ: ಅವರ ‘ಕ’ವನ್ನು ‘ಖ’ದ ಕಡೆಗೆ ವಾಲಿಸಿ ನುಡಿಯಿರಿ. ಸ್ವರದ ಉದ್ದವನ್ನೂ ಏರಿಳಿತವನ್ನೂ ಲಿಪಿ ತೋರಿಸುವುದಿಲ್ಲ. ‘ಅಮ’ ಎಂದರೆ ನೀರು, ‘ಅಮ’ ಎಂದರೆ ಉಪ್ಪು. ಬರಹದಲ್ಲಿ ಒಂದೇ, ಬಾಯಲ್ಲಿ ಬೇರೆ ಬೇರೆ. ಬಲವನ್ನೂ ಬಾಲವನ್ನೂ ದೀರ್ಘದಿಂದ ಬೇರೆ ಮಾಡಿ ಬರೆಯುವ ನಮಗೆ ಇದು ಆರಂಭದಲ್ಲಿ ಕಸಿವಿಸಿಯೇ. ಭಾಷೆ ಬಲ್ಲವರು ಸಂದರ್ಭದಿಂದಲೇ ಓದಿಕೊಳ್ಳುತ್ತಾರೆ. ಕಲಿಯುವವರು ಪ್ರತಿ ಪದವನ್ನೂ ಒಬ್ಬ ಮಾತುಗಾರರ ದನಿಯಲ್ಲಿ ಕೇಳಿಯೇ ನೋಟ್‌ಬುಕ್ಕಿಗೆ ಇಳಿಸಬೇಕು.

ಈಗ ಕ್ರಿಯಾಪದಕ್ಕೆ ಬರೋಣ.

‘ಮಾತನಾಡು’ ಎಂಬುದನ್ನು ತೆಗೆದುಕೊಳ್ಳಿ. ‘ವೊನಿಹ’ ಎಂಬ ಭಾಗ ಮಾತಾಡುತ್ತಿರುವುದನ್ನು ಹೇಳುತ್ತದೆ, ಆದರೆ ಅದು ಒಂಟಿಯಾಗಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಯಾರು ಮಾಡಿದರು ಎಂಬುದು ಕ್ರಿಯಾಪದದ ಬಾಲದಲ್ಲಿರುತ್ತದೆ: ಮಾತಾಡುತ್ತೇನೆ, ಮಾತಾಡುತ್ತಾಳೆ. ಚೆರೋಕಿಯಲ್ಲಿ ಅದು ತಲೆಯಲ್ಲಿ ಬರುತ್ತದೆ. ತ್ಸಿವೊನಿಹ, ನಾನು ಮಾತಾಡುತ್ತಿದ್ದೇನೆ. ಹಿವೊನಿಹ, ನೀನು ಮಾತಾಡುತ್ತಿದ್ದೀಯೆ. ಗವೊನಿಹ, ಅವನು ಅಥವಾ ಅವಳು ಮಾತಾಡುತ್ತಿದ್ದಾರೆ. ಗಂಡು ಹೆಣ್ಣಿನ ಭೇದ ಇಲ್ಲಿಲ್ಲ. ‘ನಾನು’, ‘ನೀನು’ ಎಂದು ಬೇರೆ ಪದವನ್ನು ಹೇಳುವ ಅಗತ್ಯವೂ ಇಲ್ಲ. ಇಲ್ಲಿಯವರೆಗೆ ಕನ್ನಡಿಗರಿಗೆ ನೆಲ ಸಮತಟ್ಟು.

‘ನಾವು’ ಎಂದ ಕೂಡಲೇ ಏರು ಶುರುವಾಗುತ್ತದೆ. ನಾನು ಇಲ್ಲಿ ನಿಂತು, ಎದುರು ಕುಳಿತ ಒಬ್ಬರನ್ನೇ ನೋಡುತ್ತಾ ‘ನೀನು ಮತ್ತು ನಾನು ಮಾತಾಡುತ್ತಿದ್ದೇವೆ’ ಎಂದರೆ ಇನಿವೊನಿಹ. ನಿಮ್ಮೆಲ್ಲರನ್ನೂ ಸೇರಿಸಿಕೊಂಡರೆ ಇದಿವೊನಿಹ. ನಾನೂ ನನ್ನ ಸ್ನೇಹಿತನೂ ಮಾತಾಡುತ್ತಿದ್ದೇವೆ, ನೀವು ಅದರಲ್ಲಿಲ್ಲ ಎಂದಾದರೆ ಓಸ್ದಿವೊನಿಹ. ನಾನೂ ಇನ್ನು ಹಲವರೂ ಮಾತಾಡುತ್ತಿದ್ದೇವೆ, ಆಗಲೂ ನೀವು ಹೊರಗೆ: ಓತ್ಸಿವೊನಿಹ. ನಾಲ್ಕು ಬಗೆಯ ‘ನಾವು’. ಕೇಳುತ್ತಿರುವವನು ಒಳಗೋ ಹೊರಗೋ, ಇಬ್ಬರೋ ಹಲವರೋ ಎಂದು ತೀರ್ಮಾನ ಮಾಡದೆ ಬಾಯಿ ತೆರೆಯುವ ಹಾಗಿಲ್ಲ.

ಇದು ಕನ್ನಡದ ನೆರೆಹೊರೆಗೆ ತೀರ ಅಪರಿಚಿತವಾದ ಸಂಗತಿಯೇನಲ್ಲ. ತುಳು ಬಲ್ಲವರು ಇಲ್ಲಿದ್ದೀರಿ. ‘ನಮ’ ಎಂದರೆ ನಿಮ್ಮನ್ನೂ ಕೂಡಿಸಿಕೊಂಡ ನಾವು, ‘ಎಂಕುಳು’ ಎಂದರೆ ನಿಮ್ಮನ್ನು ಬಿಟ್ಟ ನಾವು. ತಮಿಳು, ತೆಲುಗುಗಳಲ್ಲೂ ಈ ಭೇದ ಉಂಟು. ನಾವು ಇಂದು ಬರೆಯುವ ಕನ್ನಡದಲ್ಲಿ ಅದು ಉಳಿದಿಲ್ಲ. ನಾನು ಈ ಪಾಠವನ್ನು ಹೇಳಿಕೊಟ್ಟವರಲ್ಲಿ ತುಳು ಮನೆಮಾತಿನವರು ಅರ್ಧ ಗಂಟೆಯಲ್ಲಿ ಹಿಡಿದದ್ದನ್ನು ಉಳಿದವರು ಎರಡು ವಾರ ತಿಕ್ಕಬೇಕಾಯಿತು.

‘ನೀನು’ವಿನಲ್ಲೂ ಇಬ್ಬರಿಗೆ ಸ್ದಿವೊನಿಹ, ಮೂವರು ಅಥವಾ ಹೆಚ್ಚಿನವರಿಗೆ ಇತ್ಸಿವೊನಿಹ. ಇಲ್ಲಿ ನಮ್ಮ ಸಂಸ್ಕಾರವೇ ನಮ್ಮನ್ನು ಎಡವಿಸುತ್ತದೆ. ಆನ್‌ಲೈನ್ ಪಾಠವೊಂದರಲ್ಲಿ ವಯಸ್ಸಾದ ಗುರುಗಳೊಬ್ಬರನ್ನು ಏಕವಚನದಲ್ಲಿ ಕರೆಯಲು ನನಗೆ ನಾಲಿಗೆ ಬರಲಿಲ್ಲ. ಗೌರವಕ್ಕೆಂದು ಬಹುವಚನ ಬಳಸಿದೆ. ಅವರು ತಮ್ಮ ಹಿಂದೆ ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು. ಚೆರೋಕಿಯಲ್ಲಿ ಗೌರವದ ಬಹುವಚನ ಇಲ್ಲ. ಒಬ್ಬರಿದ್ದರೆ ಒಬ್ಬರೇ, ಅಜ್ಜಿಯಾದರೂ ಮೊಮ್ಮಗುವಾದರೂ ‘ಹಿ’ ಎಂದೇ ಹೇಳಬೇಕು. ಅಲ್ಲಿ ಹಿರಿಯರಿಗೆ ಮರ್ಯಾದೆ ಬೇಕಾದಷ್ಟಿದೆ, ಆದರೆ ಅದು ವಚನದಲ್ಲಿ ಇಲ್ಲ.

ಪ್ರತ್ಯಯಗಳ ಇನ್ನೊಂದು ಸಾಲಿದೆ. ‘ಕವಿ ಅಗ್ವದುಲಿಹ’ ಎಂದರೆ ನನಗೆ ಕಾಫಿ ಬೇಕು. ‘ಅಗಿಯೊಸಿಹ’ ಎಂದರೆ ನನಗೆ ಹಸಿವಾಗಿದೆ. ಇಲ್ಲಿ ‘ತ್ಸಿ’ ಇಲ್ಲ, ‘ಅಗ್ವ’, ‘ಅಗಿ’ ಬಂದಿವೆ. ಕನ್ನಡದಲ್ಲೂ ‘ನಾನು ಬೇಕು’ ಎನ್ನುವುದಿಲ್ಲವಲ್ಲ, ‘ನನಗೆ’ ಬೇಕು, ‘ನನಗೆ’ ಹಸಿವು. ಇಂಗ್ಲಿಷ್ ಮಾತ್ರ ಬಲ್ಲವರು ಈ ಎರಡನೆಯ ಸಾಲನ್ನು ಕಂಡು ಕಂಗಾಲಾಗುತ್ತಾರೆ. ನಮಗೆ ಒಳಗೆಲ್ಲೋ ಪರಿಚಯದ ಗಂಟೆ ಬಾರಿಸುತ್ತದೆ. ಆದರೆ ಈ ಹೋಲಿಕೆಯನ್ನು ಊರುಗೋಲಾಗಿ ಮಾತ್ರ ಹಿಡಿಯಿರಿ. ಕೆಲಸ ಮಾಡುವುದಕ್ಕೂ ಅಲ್ಲಿ ಎರಡನೆಯ ಸಾಲೇ ಬೇಕು, ಹಾಗೂ ಕ್ರಿಯೆ ಮುಗಿದು ಭೂತಕಾಲಕ್ಕೆ ಸರಿದಾಗ ‘ಮಾತನಾಡು’ ಕೂಡ ಅದೇ ಸಾಲಿಗೆ ದಾಟುತ್ತದೆ: ಗವೊನಿಹ ಎಂಬುದು ಉವೊನಿಸಂಇ ಆಗುತ್ತದೆ.

ಇದೇ ಭೂತಕಾಲದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಅಡಗಿದೆ. ಉವೊನಿಸಂಇ ಎಂದರೆ ‘ಮಾತಾಡಿದರು’, ನಾನು ಅಲ್ಲಿದ್ದೆ, ಕೇಳಿದೆ. ಉವೊನಿಸೆಇ ಎಂದರೆ ‘ಮಾತಾಡಿದರಂತೆ’. ಆ ‘ಅಂತೆ’ಯನ್ನು ಇಂಗ್ಲಿಷಿಗೆ ಅನುವಾದಿಸಲು ಒಂದು ಉಪವಾಕ್ಯವೇ ಬೇಕು. ನಮಗೆ ಎರಡಕ್ಷರ, ಅವರಿಗೆ ಒಂದು ಸ್ವರದ ಬದಲಾವಣೆ. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ‘ಅಂತೆ’ ಐಚ್ಛಿಕ. ಎಂದೋ ಬಾಳಿ ಹೋದ ಅರಸನ ಬಗ್ಗೆ ಶಾಲೆಯ ಪುಸ್ತಕ ‘ಆಳಿದನು’ ಎಂದೇ ಬರೆಯುತ್ತದೆ, ಬರೆದವರು ಕಂಡವರಂತೆ. ಚೆರೋಕಿಯಲ್ಲಿ ಭೂತಕಾಲ ಬಂದಾಗಲೆಲ್ಲ ಆಯ್ಕೆ ಮಾಡಲೇಬೇಕು: ಸ್ವತಃ ಕಂಡು ಕೇಳಿದ್ದೋ, ಅಲ್ಲವೋ. ಹಿಂದಿನವರಿಂದ ಬಂದ ಕಥೆಗಳನ್ನು ಈ ‘ಎಇ’ ರೂಪದಲ್ಲಿ ಹೇಳುತ್ತಾರೆ. ಸೆಕ್ವೋಯಾನ ವೃತ್ತಾಂತವನ್ನು ನಾನು ನಿಮಗೆ ಆ ಭಾಷೆಯಲ್ಲಿ ಹೇಳಿದ್ದರೆ ಪ್ರತಿ ಕ್ರಿಯಾಪದವೂ ‘ಬರೆದನಂತೆ, ತೋರಿಸಿದನಂತೆ’ ಎಂದೇ ಮುಗಿಯುತ್ತಿತ್ತು.

ಇನ್ನು ‘ಕೊಡು’, ‘ಎತ್ತು’, ‘ಹಿಡಿ’ ಮುಂತಾದ, ಕೈಯಲ್ಲಿ ವಸ್ತು ಇರುವ ಕ್ರಿಯೆಗಳು. ಏನನ್ನು ಕೊಡುತ್ತೀರಿ ಎಂಬುದರ ಮೇಲೆ ಕ್ರಿಯಾಪದವೇ ಬದಲಾಗುತ್ತದೆ. ಜೀವವಿರುವುದಕ್ಕೆ ಒಂದು, ದ್ರವಕ್ಕೆ ಒಂದು, ಬಟ್ಟೆ ಹಗ್ಗಗಳಂತೆ ಬಳುಕುವುದಕ್ಕೆ ಒಂದು, ಕೋಲಿನಂತೆ ಉದ್ದವಾಗಿ ಗಡುಸಾಗಿರುವುದಕ್ಕೆ ಒಂದು, ಕಲ್ಲು ಹಣ್ಣುಗಳಂಥ ಉಳಿದವಕ್ಕೆ ಒಂದು. ‘ವೆಸ ಗಕನೆಹ’ ಎಂದರೆ ಬೆಕ್ಕನ್ನು ಕೊಡುತ್ತಿದ್ದಾರೆ. ಬೆಕ್ಕಿನ ಜಾಗದಲ್ಲಿ ನೀರು ಬಂದರೆ ‘ಗಕನೆಹ’ ನಡೆಯುವುದಿಲ್ಲ. ಇದನ್ನು ಮೊದಲ ವರ್ಷದಲ್ಲಿ ಪೂರ್ತಿ ಕಲಿಯಲು ಹೋಗಬೇಡಿ. ಇದೆ ಎಂದು ತಿಳಿದಿದ್ದರೆ ಸಾಕು, ಇಲ್ಲದಿದ್ದರೆ ಪಾಠದಲ್ಲಿ ‘ಕೊಡು’ ಐದು ವೇಷದಲ್ಲಿ ಬಂದಾಗ ದಿಕ್ಕು ತಪ್ಪುತ್ತದೆ.

ಹಾಗಾದರೆ ಹೇಗೆ ಕಲಿಯುವುದು? ಒಂದು ಕ್ರಿಯಾಪದವನ್ನು ಹಿಡಿದು, ನಾನು ಈಗ ಹೇಳಿದ ರೂಪಗಳಲ್ಲಿ ಒಂದು ವಾರ ತಿರುಗಿಸಿ. ಮನೆಯಲ್ಲಿ ಇಬ್ಬರು ಕಲಿತರೆ ಇನ್ನೂ ಒಳ್ಳೆಯದು, ಏಕೆಂದರೆ ‘ಇನಿ’ ಎನ್ನಲು ಎದುರಿಗೆ ಒಬ್ಬರು ಬೇಕು. ನಿಘಂಟು ಬೇಕೆಂದರೆ ಡರ್ಬಿನ್ ಫೀಲಿಂಗ್ ಅವರು 1975ರಲ್ಲಿ ಹೊರತಂದದ್ದು ಇಂದಿಗೂ ಆಧಾರ. ಅದರಲ್ಲಿ ಪ್ರತಿ ಕ್ರಿಯಾಪದಕ್ಕೂ ಐದು ರೂಪಗಳಿವೆ; ಆ ಐದು ಗೊತ್ತಿದ್ದರೆ ಉಳಿದವನ್ನು ಕಟ್ಟಬಹುದು. ಕಲಿಯುವವರು ಒಂದೇ ರೂಪವನ್ನು ನಕಲು ಮಾಡಿಕೊಂಡು ಮುಂದೆ ಹೋಗುತ್ತಾರೆ. ಐದನ್ನೂ ಬರೆದುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಒಕ್ಲಹೋಮಾದ ಚೆರೋಕಿ ಸರ್ಕಾರಗಳಲ್ಲಿ ದೊಡ್ಡದಾದ ಚೆರೋಕಿ ನೇಷನ್ ಆನ್‌ಲೈನ್‌ನಲ್ಲಿ ಉಚಿತ ತರಗತಿಗಳನ್ನು ನಡೆಸುತ್ತದೆ. ಅಂತರ್ಜಾಲದಲ್ಲಿ ಯಾರು ಯಾರೋ ಹಾಕಿರುವ ಪದಪಟ್ಟಿಗಳಿಗಿಂತ ಅಲ್ಲಿಗೇ ಹೋಗುವುದು ಲೇಸು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಚೆರೋಕಿ ನೇಷನ್ನಿನ ಸದಸ್ಯರ ಸಂಖ್ಯೆ ನಾಲ್ಕೂವರೆ ಲಕ್ಷ ದಾಟಿದೆ. ಭಾಷೆಯನ್ನು ತಾಯಿನುಡಿಯಾಗಿ ಆಡುವವರು ಸುಮಾರು 2,000, ಅವರಲ್ಲೂ ಹೆಚ್ಚಿನವರು ಹಿರಿಯರು. ವಸತಿ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಆ ಮಕ್ಕಳು ದೊಡ್ಡವರಾಗಿ, ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಇಂಗ್ಲಿಷನ್ನೇ ಆಡಿದರು. 2019ರಲ್ಲಿ ಮೂರೂ ಚೆರೋಕಿ ಸರ್ಕಾರಗಳು (ಒಕ್ಲಹೋಮಾದಲ್ಲಿ ಎರಡು, ಉತ್ತರ ಕೆರೊಲಿನಾದಲ್ಲಿ ಒಂದು) ಒಟ್ಟಿಗೆ ಸೇರಿ ಭಾಷೆಯ ವಿಷಯದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಿದವು. ಕೋವಿಡ್ ಲಸಿಕೆ ಬಂದಾಗ ಚೆರೋಕಿ ನೇಷನ್ ಮೊದಲ ಸಾಲಿನಲ್ಲಿ ನಿಲ್ಲಿಸಿದವರಲ್ಲಿ ಭಾಷೆ ಬಲ್ಲವರೂ ಇದ್ದರು. ತಾಲೆಕ್ವಾದಲ್ಲಿ 2001ರಿಂದ ಮಕ್ಕಳಿಗೆ ಚೆರೋಕಿಯಲ್ಲೇ ಕಲಿಸುವ ಶಾಲೆಯಿದೆ. ದೊಡ್ಡವರು ವಾರಕ್ಕೆ ನಲವತ್ತು ಗಂಟೆಯಂತೆ ಎರಡು ವರ್ಷ, ಭತ್ಯೆ ಪಡೆದು, ಹಿರಿಯ ಮಾತುಗಾರರ ಜೊತೆ ಕುಳಿತು ಕಲಿಯುವ ವ್ಯವಸ್ಥೆಯೂ ಇದೆ. ನಲವತ್ತು ಗಂಟೆ ಎಂದರೆ ಪೂರ್ಣ ಪ್ರಮಾಣದ ಒಂದು ಉದ್ಯೋಗ. ಈ ಭಾಷೆಗೆ ಎಷ್ಟು ಸಮಯ ಬೇಕು ಎಂದು ನನ್ನನ್ನು ಯಾರಾದರೂ ಕೇಳಿದರೆ ನಾನು ಈ ಲೆಕ್ಕವನ್ನೇ ಮುಂದಿಡುತ್ತೇನೆ.

ಅಲ್ಲಿಯ ಜನ ಆಗಾಗ ಬಳಸುವ ಒಂದು ಪದ ‘ಗದುಗಿ’: ಊರವರೆಲ್ಲ ಕೂಡಿ ಒಬ್ಬರ ಕೆಲಸಕ್ಕೆ ಕೈಹಚ್ಚುವುದು. ನಮ್ಮ ಹಳ್ಳಿಗಳ ಮುಯ್ಯಾಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಚೆರೋಕಿ ಅಕ್ಷರಗಳಿಗಾಗಿ ಮೈಕ್ರೋಸಾಫ್ಟ್ ರೂಪಿಸಿದ ಫಾಂಟಿಗೂ ಅದೇ ಹೆಸರು. ವಿಂಡೋಸ್ ಇರುವ ನಿಮ್ಮ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ, ಅದು ಈಗಾಗಲೇ ಅಲ್ಲಿದೆ.

ಬೀಳ್ಕೊಡುವ ಮಾತಿನೊಂದಿಗೆ ನಿಲ್ಲಿಸುತ್ತೇನೆ. ‘ಹೋಗಿ ಬರುತ್ತೇನೆ’ ಎನ್ನುವ ನಮಗೆ ಇದು ಸುಲಭವಾಗಿ ಒಗ್ಗುತ್ತದೆ, ಏಕೆಂದರೆ ಚೆರೋಕಿಯಲ್ಲಿ ವಿದಾಯ ಹೇಳುವಾಗ ಆಡುವುದು ‘ಮತ್ತೆ ಒಬ್ಬರನ್ನೊಬ್ಬರು ಕಾಣೋಣ’ ಎಂಬ ಮಾತನ್ನು. ಅದರಲ್ಲೂ ಎರಡು ರೂಪ. ನೀನು ಮತ್ತು ನಾನು, ಇಬ್ಬರೇ ಇದ್ದರೆ ‘ದೊನದಗೊಹಂಇ’. ನೀವು ಹಲವರು ಮತ್ತು ನಾನು ಎಂದಾದರೆ ‘ದೊದದಗೊಹಂಇ’. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಬ್ಬೊಬ್ಬರಾಗಿ ಸಿಕ್ಕವರಿಗೆ ಮೊದಲನೆಯದನ್ನು ಹೇಳುತ್ತೇನೆ. ಈಗ ಎಲ್ಲರೂ ಒಟ್ಟಿಗೇ ಎದುರಿಗಿದ್ದೀರಿ.

ವದೊ. ದೊದದಗೊಹಂಇ.